ವಿಎಂ ಏಳುತ್ತಿಲ್ಲವೇ? ಓಪನ್‌ಸ್ಟ್ಯಾಕ್‌ನಲ್ಲಿ ದೋಷ ಹುಡುಕುವ ಬಗೆ

ಸ್ವಂತ ಸರ್ವರ್‌ಗಳ ಮೇಲೆ ಓಪನ್‌ಸ್ಟ್ಯಾಕ್ (ನಮ್ಮದೇ ಕ್ಲೌಡ್ ಕಟ್ಟಿಕೊಳ್ಳುವ ವ್ಯವಸ್ಥೆ) ಹಾಕಿ, ಮೊದಲ ವಿಎಂ (ವರ್ಚುವಲ್ ಮಷೀನ್, ಸರ್ವರ್‌ನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ಎಬ್ಬಿಸಲು ಹೋಗಿ, ಪರದೆಯ ಮೇಲೆ ‘ಎರರ್’ ಅಂತ ನೋಡಿ ಕೂತವರಿಗೆ ಇದು. ನಾನು ನೋಡಿಕೊಳ್ಳುವುದು ಚಿಕ್ಕ ಸೆಟಪ್. ಎಲ್ಲವನ್ನೂ ನಡೆಸುವ ಒಂದು ಕಂಟ್ರೋಲರ್, ವಿಎಂಗಳು ಓಡುವ ಮೂರು ಕಂಪ್ಯೂಟ್ ನೋಡ್. ಅಷ್ಟರಲ್ಲೇ ಇಲ್ಲಿ ಬರೆದಿರುವ ಎಲ್ಲ ತಪ್ಪನ್ನೂ ಒಂದಲ್ಲ ಒಂದು ಸಲ ಮಾಡಿದ್ದೇನೆ.

ನಾಸಾ ಮತ್ತು ರ್ಯಾಕ್‌ಸ್ಪೇಸ್ ಸೇರಿ 2010ರಲ್ಲಿ ಶುರು ಮಾಡಿದ ಓಪನ್‌ಸ್ಟ್ಯಾಕ್ ಒಂದೇ ಸಾಫ್ಟ್‌ವೇರ್ ಅಲ್ಲ. ವಿಎಂ ಎಬ್ಬಿಸುವುದು ನೋವಾ. ನೆಟ್‌ವರ್ಕ್ ನ್ಯೂಟ್ರಾನ್‌ದು, ಇಮೇಜ್ (ವಿಎಂಗೆ ಹಾಕುವ ಸಿದ್ಧ ಆಪರೇಟಿಂಗ್ ಸಿಸ್ಟಮ್ ಫೈಲ್) ಗ್ಲಾನ್ಸ್‌ದು, ವಾಲ್ಯೂಮ್ (ವಿಎಂಗೆ ಜೋಡಿಸುವ ಪ್ರತ್ಯೇಕ ಡಿಸ್ಕ್) ಸಿಂಡರ್‌ದು, ಗುರುತು ಪರಿಶೀಲನೆ ಕೀಸ್ಟೋನ್‌ದು. ಯಾವ ನೋಡ್‌ನಲ್ಲಿ ಎಷ್ಟು ಜಾಗ ಇದೆ ಅನ್ನುವ ಲೆಕ್ಕ ಪ್ಲೇಸ್‌ಮೆಂಟ್‌ದು. ಒಂದು ವಿಎಂ ಏಳಬೇಕಾದರೆ ಇವರಲ್ಲಿ ಬಹುತೇಕರು ಕೈ ಹಾಕಬೇಕು. ಮದುವೆ ಮನೆಯಲ್ಲಿ ಊಟ ತಡವಾದರೆ ಎಲ್ಲರೂ ಅಡುಗೆ ಭಟ್ಟರನ್ನೇ ಬೈಯುತ್ತಾರೆ. ಒಳಗೆ ಹೋಗಿ ನೋಡಿದರೆ ಗ್ಯಾಸ್ ಸಿಲಿಂಡರೇ ಬಂದಿರುವುದಿಲ್ಲ. ಇಲ್ಲೂ ಹಾಗೇ. ನೋವಾ ಎರರ್ ತೋರಿಸಿತು ಅಂದ ಮಾತ್ರಕ್ಕೆ ತಪ್ಪು ನೋವಾದ್ದೇ ಅಂತ ಹೇಳಲಾಗದು.

ಹಾಗಾಗಿ ನನ್ನದು ಒಂದೇ ಪಟ್ಟು: ಕಾನ್ಫಿಗ್ ಫೈಲ್ ಮುಟ್ಟುವ ಮುಂಚೆ ದೋಷ ಎಲ್ಲಿದೆ ಅಂತ ಭಾಗ ಮಾಡಿಕೊಳ್ಳಿ.

## ಎಲ್ಲಕ್ಕಿಂತ ಮೊದಲು: ಒಂದು ಅಗುಳು ಹಿಸುಕಿ ನೋಡಿ

ಅನ್ನ ಬೆಂದಿದೆಯಾ ಅಂತ ನೋಡಲು ಪಾತ್ರೆಯನ್ನೆಲ್ಲ ಬಗ್ಗಿಸುವುದಿಲ್ಲ, ಒಂದು ಅಗುಳು ಸಾಕು. ಓಪನ್‌ಸ್ಟ್ಯಾಕ್‌ನಲ್ಲಿ ಆ ಅಗುಳು ಸಿರ್‌ಓಎಸ್. ಪರೀಕ್ಷೆಗೆಂದೇ ಮಾಡಿದ ಪುಟಾಣಿ ಲಿನಕ್ಸ್ ಇಮೇಜ್, ಸುಮಾರು 20 ಎಂಬಿ ಅಷ್ಟೇ. 512 ಎಂಬಿ ರ್ಯಾಮ್, 1 ಜಿಬಿ ಡಿಸ್ಕ್ ಇರುವ ಫ್ಲೇವರ್‌ನಲ್ಲಿ (ವಿಎಂಗೆ ಕೊಡುವ ರ್ಯಾಮ್, ಡಿಸ್ಕ್, ಕೋರ್‌ಗಳ ಅಳತೆ) ಆರಾಮಾಗಿ ಏಳುತ್ತದೆ.

ನಿಮ್ಮ ಉಬುಂಟು ವಿಎಂ ಏಳುತ್ತಿಲ್ಲ ಅಂದರೆ ಅದೇ ನೆಟ್‌ವರ್ಕ್‌ನಲ್ಲಿ, ಅದೇ ನೋಡ್‌ನಲ್ಲಿ ಒಂದು ಸಿರ್‌ಓಎಸ್ ಎಬ್ಬಿಸಿ ನೋಡಿ. ಎದ್ದರೆ ಪ್ಲಾಟ್‌ಫಾರ್ಮ್ ಬಹುಪಾಲು ಸರಿ ಇದೆ, ದೋಷ ನಿಮ್ಮ ಇಮೇಜ್‌ನಲ್ಲೋ ಫ್ಲೇವರ್‌ನಲ್ಲೋ ಇದೆ. ಅದೂ ಏಳಲಿಲ್ಲವಾ? ಹಾಗಾದರೆ ಉಬುಂಟು ಇಮೇಜ್ ಜೊತೆ ಗುದ್ದಾಡುವುದನ್ನು ನಿಲ್ಲಿಸಿ. ಈ ಐದು ನಿಮಿಷದ ಪರೀಕ್ಷೆ ನನಗೆ ಎಷ್ಟೋ ರಾತ್ರಿಗಳನ್ನು ಉಳಿಸಿಕೊಟ್ಟಿದೆ.

ಎದ್ದ ಮೇಲೆ ಸಿರ್‌ಓಎಸ್ ತನ್ನ ಕನ್ಸೋಲ್‌ನಲ್ಲೇ (ವಿಎಂನ ಪರದೆ) ಬಳಕೆದಾರನ ಹೆಸರು ‘ಸಿರ್‌ಓಎಸ್’, ಪಾಸ್‌ವರ್ಡ್ ‘ಗೋಕಬ್ಸ್‌ಗೋ’ ಅಂತ ಬರೆದು ತೋರಿಸುತ್ತದೆ. ಶಿಕಾಗೋದ ಬೇಸ್‌ಬಾಲ್ ತಂಡಕ್ಕೆ ಜೈ ಅನ್ನುವ ಮಾತದು. ನೆಟ್‌ವರ್ಕ್ ಕೈಕೊಟ್ಟಾಗ ಕನ್ಸೋಲ್‌ನಿಂದಲೇ ಒಳಗೆ ಹೋಗಬಹುದಾದ್ದರಿಂದ ಇದು ದೊಡ್ಡ ಅನುಕೂಲ. ಆದರೆ ಲೋಕಕ್ಕೆಲ್ಲ ಗೊತ್ತಿರುವ ಪಾಸ್‌ವರ್ಡ್ ಅಲ್ವಾ? ಸಿರ್‌ಓಎಸ್ ವಿಎಂಗೆ ಇಂಟರ್ನೆಟ್‌ನಿಂದ ಕಾಣುವ ಐಪಿ ಕೊಡಬೇಡಿ. ಪರೀಕ್ಷೆ ಮುಗಿದ ಕೂಡಲೇ ಅಳಿಸಿ.

## ಕೇಳಿದ ತಕ್ಷಣ ‘ಆಗಲ್ಲ’ ಅನ್ನುತ್ತಿದೆ

ವಿಎಂ ಪಟ್ಟಿಗೂ ಸೇರುವುದಿಲ್ಲ, ಒಂದೇ ಕ್ಷಣದಲ್ಲಿ ಬೇಡಿಕೆ ವಾಪಸ್ ಬರುತ್ತದೆ. ಇದು ಒಳ್ಳೆಯ ಲಕ್ಷಣ, ಯಾಕೆಂದರೆ ಕಾರಣ ಸಾಮಾನ್ಯವಾಗಿ ಸಂದೇಶದಲ್ಲೇ ಇರುತ್ತದೆ.

‘ಕೋಟಾ ಮೀರಿದೆ’ ಅಂದರೆ ನಿಮ್ಮ ಪ್ರಾಜೆಕ್ಟಿನ ಮಿತಿ ಮುಗಿದಿದೆ. ಯಾರೂ ಬದಲಿಸದಿದ್ದರೆ ಒಂದು ಪ್ರಾಜೆಕ್ಟಿಗೆ 10 ವಿಎಂ, 20 ಕೋರ್, 50 ಜಿಬಿ ರ್ಯಾಮ್. ಸರ್ವರ್‌ನಲ್ಲಿ 512 ಜಿಬಿ ಖಾಲಿ ಬಿದ್ದಿದ್ದರೂ ಈ ಮಿತಿ ದಾಟಲು ಬಿಡುವುದಿಲ್ಲ. ಎರರ್ ಬಂದು ಸತ್ತುಬಿದ್ದ ವಿಎಂಗಳೂ ಕೋಟಾದಲ್ಲಿ ಎಣಿಕೆಯಾಗುತ್ತವೆ, ಮೊದಲು ಅವನ್ನು ಗುಡಿಸಿ.

‘ಫ್ಲೇವರ್‌ನ ಡಿಸ್ಕ್ ಇಮೇಜ್‌ಗೆ ಸಾಲದು’ ಅಂದರೆ ಹೆಸರೇ ಹೇಳುವಂತೆ. ಉಬುಂಟು ಕ್ಲೌಡ್ ಇಮೇಜ್ ಡೌನ್‌ಲೋಡ್ ಮಾಡುವಾಗ ಚಿಕ್ಕದಾಗಿ ಕಾಣುತ್ತದೆ, ಬಿಚ್ಚಿದ ಮೇಲಿನ ಅಳತೆ ಬೇರೆ. 1 ಜಿಬಿ ಡಿಸ್ಕ್‌ನ ಟೈನಿ ಫ್ಲೇವರ್‌ನಲ್ಲಿ ಅದು ಹಿಡಿಯುವುದಿಲ್ಲ.

## ‘ಎರರ್’: ಸರಿಯಾದ ಹೋಸ್ಟ್ ಸಿಗಲಿಲ್ಲ

ಓಪನ್‌ಸ್ಟ್ಯಾಕ್ ಮುಟ್ಟಿದವರೆಲ್ಲ ನೋಡಿರುವ ಸಾಲು ‘ನೋ ವ್ಯಾಲಿಡ್ ಹೋಸ್ಟ್ ವಾಸ್ ಫೌಂಡ್’. ಜ್ವರ ಬಂದಿದೆ ಅಂತ ಹೇಳಿದ ಹಾಗೆ. ಬಂದಿರುವುದು ನಿಜ, ಯಾಕೆ ಅನ್ನುವುದು ಅದರಲ್ಲಿ ಇರುವುದಿಲ್ಲ.

ಮೊದಲು ‘ಓಪನ್‌ಸ್ಟ್ಯಾಕ್ ಸರ್ವರ್ ಶೋ’ ಕೊಟ್ಟು ‘ಫಾಲ್ಟ್’ ಅನ್ನುವ ಸಾಲನ್ನು ಪೂರ್ತಿ ಓದಿ. ಎರಡು ಬಗೆಯ ಮಾತು ಬರಬಹುದು. ಬರೀ ‘ಹೋಸ್ಟ್ ಸಿಗಲಿಲ್ಲ’ ಅಂತಿದ್ದರೆ ಹುಡುಕುವ ಹಂತದಲ್ಲೇ ಎಲ್ಲ ನೋಡ್‌ಗಳೂ ತಿರಸ್ಕೃತವಾಗಿವೆ. ‘ಪ್ರಯತ್ನಗಳ ಮಿತಿ ಮೀರಿದೆ, ಎಲ್ಲ ಹೋಸ್ಟ್‌ಗಳೂ ಮುಗಿದವು’ ಅಂತಿದ್ದರೆ ಕಥೆ ಬೇರೆ. ನೋಡ್ ಸಿಕ್ಕಿದೆ, ಅಲ್ಲಿ ವಿಎಂ ಎಬ್ಬಿಸಲು ಹೋಗಿ ಸೋತಿದೆ, ಇನ್ನೊಂದಕ್ಕೆ ಹೋಗಿ ಅಲ್ಲೂ ಸೋತಿದೆ. ಎರಡನೆಯದರಲ್ಲಿ ಕಂಟ್ರೋಲರ್‌ನ ಲಾಗ್ ತಿರುವಿಹಾಕಿ ಪ್ರಯೋಜನವಿಲ್ಲ, ಆಯಾ ಕಂಪ್ಯೂಟ್ ನೋಡ್‌ನಲ್ಲಿ ನೋವಾ ಕಂಪ್ಯೂಟ್‌ನ ಲಾಗ್ ನೋಡಬೇಕು. ಅಲ್ಲಿ ‘ಪೋರ್ಟ್ ಬೈಂಡಿಂಗ್ ಫೇಲ್ಡ್’ ಅಂತ ಕಂಡರೆ ತಪ್ಪು ನ್ಯೂಟ್ರಾನ್ ಕಡೆಯದು. ಆ ನೋಡ್‌ನ ನೆಟ್‌ವರ್ಕ್ ಏಜೆಂಟ್ ನಿಂತಿರಬೇಕು, ಇಲ್ಲವೇ ಭೌತಿಕ ನೆಟ್‌ವರ್ಕ್‌ನ ಹೆಸರು ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಬರೆದಿರಬೇಕು.

ಮೊದಲ ಬಗೆಯಾದರೆ ಸುಲಭದಿಂದ ಶುರು ಮಾಡಿ.

ಚಿಕ್ಕ ಫ್ಲೇವರ್ ಕೊಟ್ಟು ನೋಡಿ. ಎದ್ದರೆ ಜಾಗದ ಸಮಸ್ಯೆ. ಒಟ್ಟು ಲೆಕ್ಕದಲ್ಲಿ 40 ಜಿಬಿ ರ್ಯಾಮ್ ಖಾಲಿ ಅಂತ ಕಂಡರೂ ಅದು ಮೂರು ನೋಡ್‌ಗಳಲ್ಲಿ ಚೂರುಚೂರಾಗಿ ಹಂಚಿಹೋಗಿರಬಹುದು. 32 ಜಿಬಿ ಕೇಳುವ ವಿಎಂಗೆ ಒಂದೇ ನೋಡ್‌ನಲ್ಲಿ ಅಷ್ಟು ಬೇಕು.

‘ಕಂಪ್ಯೂಟ್ ಸರ್ವಿಸ್ ಲಿಸ್ಟ್’ ಕೊಡಿ. ನೋಡ್ ‘ಅಪ್’ ಇದೆಯಾ, ‘ಎನೇಬಲ್ಡ್’ ಇದೆಯಾ? ಇವೆರಡೂ ಬೇರೆ ಬೇರೆ. ‘ಡಿಸೇಬಲ್ಡ್’ ಅಂದರೆ ಯಾರೋ ಬೇಕಂತಲೇ ನಿಲ್ಲಿಸಿದ್ದಾರೆ, ಕಾರಣ ಪಕ್ಕದಲ್ಲೇ ಬರೆದಿರಬಹುದು. ಅದನ್ನು ತೆಗೆಯುವ ಮುಂಚೆ ಅವರನ್ನು ಕೇಳಿ. ‘ಡೌನ್’ ಅಂದರೆ ನೋಡ್‌ನಿಂದ ಸುದ್ದಿ ನಿಂತಿದೆ. ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಅನ್ನಬೇಕು, 60 ಸೆಕೆಂಡ್ ಸುಮ್ಮನಿದ್ದರೆ ಡೌನ್ ಎಂದೇ ಲೆಕ್ಕ.

ಹೊಸ ನೋಡ್ ಸೇರಿಸಿದ ಮೇಲೆ ಈ ತೊಂದರೆ ಶುರುವಾಯಿತಾ? ಸರ್ವಿಸ್ ಪಟ್ಟಿಯಲ್ಲಿ ಹೊಸ ನೋಡ್ ಅಪ್ ಅಂತ ನಗುತ್ತಾ ಕೂತಿರುತ್ತದೆ, ಆದರೆ ಒಂದು ವಿಎಂ ಕೂಡ ಅಲ್ಲಿಗೆ ಹೋಗುವುದಿಲ್ಲ. ಸೆಲ್‌ಗೆ (ನೋವಾ ತನ್ನ ನೋಡ್‌ಗಳನ್ನು ಇಟ್ಟುಕೊಳ್ಳುವ ಗುಂಪು) ಅದರ ಪರಿಚಯ ಮಾಡಿಸಿರುವುದಿಲ್ಲ. ಕಂಟ್ರೋಲರ್‌ನಲ್ಲಿ ನೋವಾ ಮ್ಯಾನೇಜ್‌ನ ‘ಡಿಸ್ಕವರ್ ಹೋಸ್ಟ್ಸ್’ ಒಮ್ಮೆ ಓಡಿಸಿದರೆ ಮುಗಿಯಿತು. ನಾನು ಇದಕ್ಕೆ ಅರ್ಧ ದಿನ ಕಳೆದಿದ್ದೇನೆ, ಹೇಳಿಕೊಳ್ಳಲು ನಾಚಿಕೆ.

ಇಷ್ಟಾದ ಮೇಲೂ ಗೊತ್ತಾಗದಿದ್ದರೆ ಮಾತ್ರ, ವಿಎಂಗೆ ನೋಡ್ ಆರಿಸುವ ಶೆಡ್ಯೂಲರ್‌ನ ಲಾಗ್ ಬಿಚ್ಚಿ. ಪ್ರತಿ ಬೇಡಿಕೆಗೂ ‘ರೆಕ್’ ಎಂದು ಶುರುವಾಗುವ ಉದ್ದ ಗುರುತು ಇರುತ್ತದೆ. ‘ಸರ್ವರ್ ಇವೆಂಟ್ ಲಿಸ್ಟ್’ ಕೊಟ್ಟರೆ ಅದು ಸಿಗುತ್ತದೆ. ಆ ಗುರುತನ್ನು ಹಿಡಿದು ಎಲ್ಲ ಲಾಗ್‌ಗಳಲ್ಲಿ ಹುಡುಕಿ. ನೋಡ್‌ಗಳ ಗಡಿಯಾರ ತಾಳೆಯಾಗುತ್ತಿವೆಯಾ ಅಂತಲೂ ಒಮ್ಮೆ ಕ್ರೋನಿಯಲ್ಲಿ (ಸಮಯ ಹೊಂದಿಸುವ ಸಾಫ್ಟ್‌ವೇರ್) ನೋಡಿಕೊಳ್ಳಿ. ಇಲ್ಲದಿದ್ದರೆ ಯಾವುದು ಮೊದಲು ಆಯಿತು, ಯಾವುದು ಆಮೇಲೆ ಅನ್ನುವುದೇ ತಿಳಿಯುವುದಿಲ್ಲ.

ಎಚ್ಚರಿಕೆ: ನೋಡ್ ಡೌನ್ ಅಂತ ಕಂಡ ಕೂಡಲೇ ಅದರ ಮೇಲಿದ್ದ ವಿಎಂಗಳನ್ನು ‘ಇವ್ಯಾಕ್ಯುಯೇಟ್’ (ಬೇರೆ ನೋಡ್‌ನಲ್ಲಿ ಮತ್ತೆ ಎಬ್ಬಿಸುವುದು) ಮಾಡಬೇಡಿ. ಡೌನ್ ಅಂದರೆ ಸುದ್ದಿ ಬರುತ್ತಿಲ್ಲ ಅಂತಷ್ಟೇ, ವಿಎಂಗಳು ಅಲ್ಲಿ ಇನ್ನೂ ಓಡುತ್ತಿರಬಹುದು. ಹಂಚಿಕೊಂಡ ಸ್ಟೋರೇಜ್ ಇದ್ದರೆ ಒಂದೇ ಡಿಸ್ಕಿಗೆ ಎರಡು ವಿಎಂ ಬರೆಯಲು ಶುರು ಮಾಡುತ್ತವೆ, ಡೇಟಾ ಹಾಳಾಗುತ್ತದೆ. ಆ ಸರ್ವರ್ ನಿಜವಾಗಿಯೂ ಆಫ್ ಆಗಿದೆ ಅಂತ ಖಾತ್ರಿ ಆಗದೆ ಮುಂದೆ ಹೋಗಬೇಡಿ.

## ‘ಬಿಲ್ಡ್’ನಲ್ಲೇ ನಿಂತಿದೆ, ಎರರ್ ಕೂಡ ಇಲ್ಲ

ಸ್ವಲ್ಪ ತಾಳಿ. ಒಂದು ನೋಡ್‌ಗೆ ಒಂದು ಇಮೇಜ್ ಮೊದಲ ಸಲ ಹೋಗುವಾಗ ಅದು ಪೂರ್ತಿ ನಕಲಾಗಬೇಕು. 10 ಜಿಬಿ ಇಮೇಜ್, 1 ಗಿಗಾಬಿಟ್ ಲಿಂಕ್ ಅಂದರೆ ಬರೀ ಸಾಗಣೆಗೇ ಒಂದೂವರೆ ನಿಮಿಷ. ಅದೇ ನೋಡ್‌ನಲ್ಲಿ ಎರಡನೆಯ ವಿಎಂ ಬೇಗ ಎದ್ದರೆ ಯಾವ ದೋಷವೂ ಇಲ್ಲ.

ಸುಮಾರು ಮೂರು ನಿಮಿಷ ನಿಂತು ಆಮೇಲೆ ಎರರ್ ಆದರೆ, ಅದೂ ವಾಲ್ಯೂಮ್‌ನಿಂದ ಬೂಟ್ ಮಾಡುವಾಗ ಆದರೆ, ಸಿಂಡರ್ ಕಡೆ ನೋಡಿ. ನೋವಾ 3 ಸೆಕೆಂಡಿಗೊಮ್ಮೆ 60 ಸಲ ‘ವಾಲ್ಯೂಮ್ ಆಯ್ತಾ?’ ಅಂತ ಕೇಳಿ ಕೈಬಿಡುತ್ತದೆ. ಐದು ನಿಮಿಷ ನಿಂತು ಸೋತರೆ ನೆಟ್‌ವರ್ಕ್ ಪೋರ್ಟ್ ಸಿದ್ಧ ಅನ್ನುವ ಸುದ್ದಿ ನ್ಯೂಟ್ರಾನ್‌ನಿಂದ ಬಂದಿಲ್ಲ. ಅಲ್ಲಿಯ ಗಡುವು 300 ಸೆಕೆಂಡ್. ಹೀಗೆ ಎಷ್ಟು ಹೊತ್ತಿಗೆ ಸೋತಿತು ಅನ್ನುವುದೇ ಒಂದು ಸುಳಿವು, ಗಡಿಯಾರ ನೋಡಿಕೊಂಡೇ ಕೂರಿ.

ಎಷ್ಟು ಹೊತ್ತಾದರೂ ಎರರ್ ಕೂಡ ಆಗದೆ ನಿಂತೇ ಇದ್ದರೆ ರ್ಯಾಬಿಟ್‌ಎಂಕ್ಯೂ ಮೇಲೆ ನನ್ನ ಅನುಮಾನ. ಸರ್ವಿಸ್‌ಗಳೆಲ್ಲ ಒಬ್ಬರಿಗೊಬ್ಬರು ಚೀಟಿ ಕಳಿಸುವುದು ಅದರ ಮೂಲಕ. ಒಂದು ಸೋಮವಾರ ಬೆಳಗ್ಗೆ ನಮ್ಮಲ್ಲಿ ಎಲ್ಲ ವಿಎಂಗಳೂ ಬಿಲ್ಡ್‌ನಲ್ಲೇ ನಿಂತವು. ಹಳೆಯವು ಚೆನ್ನಾಗಿ ಓಡುತ್ತಿದ್ದವು, ಹೊಸದೊಂದೂ ಹುಟ್ಟುತ್ತಿಲ್ಲ. ಸರ್ವಿಸ್‌ಗಳನ್ನು ಒಂದಾದ ಮೇಲೊಂದು ರೀಸ್ಟಾರ್ಟ್ ಮಾಡಿದ್ದಾಯಿತು. ಕೊನೆಗೆ ಜೊತೆಯಲ್ಲಿದ್ದ ಹುಡುಗ ಮೆಲ್ಲಗೆ, ‘ಸಾರ್, ಡಿಸ್ಕ್ ತುಂಬಿದೆ ಅನ್ಸುತ್ತೆ’ ಅಂದ. ವಾರಾಂತ್ಯದಲ್ಲಿ ಯಾರೋ ಡೀಬಗ್ ಲಾಗ್ ಆನ್ ಮಾಡಿ ಮರೆತಿದ್ದರು. ಯಾರೋ ಅಂದರೆ ನಾನೇ. ಕಂಟ್ರೋಲರ್‌ನ ಡಿಸ್ಕಿನಲ್ಲಿ ಜಾಗ 50 ಎಂಬಿಗಿಂತ ಕೆಳಗೆ ಇಳಿದರೆ ರ್ಯಾಬಿಟ್‌ಎಂಕ್ಯೂ ಹೊಸ ಚೀಟಿ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಹಳೆಯ ಲಾಗ್ ಅಳಿಸಿದ ಒಂದು ನಿಮಿಷಕ್ಕೆ ಸರಿಯಾಯಿತು. ಅವತ್ತಿನಿಂದ ನನ್ನ ಮೊದಲ ಕಮಾಂಡ್, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಅಂತ ತೋರಿಸುವ ‘ಡಿಎಫ್ ಎಚ್’.

## ‘ಆಕ್ಟಿವ್’ ಅಂತಿದೆ, ಕನ್ಸೋಲ್ ಮಾತ್ರ ಕಪ್ಪು

ಆಕ್ಟಿವ್ ಅಂದರೆ ವಿಎಂಗೆ ಕರೆಂಟ್ ಬಂದಿದೆ ಅಂತ ಮಾತ್ರ. ಒಳಗಿನ ಆಪರೇಟಿಂಗ್ ಸಿಸ್ಟಮ್ ಎದ್ದಿದೆಯೋ ಇಲ್ಲವೋ ನೋವಾಗೆ ಗೊತ್ತಿಲ್ಲ. ಹೊಸಬರು ಜಾಸ್ತಿ ಎಡವುವುದು ಇಲ್ಲೇ.

ಬ್ರೌಸರ್‌ನಲ್ಲಿ ಕನ್ಸೋಲ್ ಪುಟವೇ ತೆರೆಯದಿದ್ದರೆ ವಿಎಂಗೂ ಅದಕ್ಕೂ ಸಂಬಂಧವಿಲ್ಲ. ಬ್ರೌಸರ್‌ಗೆ ಕನ್ಸೋಲ್ ತೋರಿಸುವ ನೋವಿಎನ್‌ಸಿಯ 6080 ಪೋರ್ಟ್ ನಿಮ್ಮ ಕಂಪ್ಯೂಟರ್‌ನಿಂದ ತಲುಪುತ್ತಿಲ್ಲ, ಅಥವಾ ವಿಳಾಸದಲ್ಲಿ ನಿಮಗೆ ಕಾಣದ ಒಳಗಿನ ಹೆಸರು ಇದೆ. ಅದನ್ನು ಬದಿಗಿಟ್ಟು ‘ಕನ್ಸೋಲ್ ಲಾಗ್ ಶೋ’ ಕೊಡಿ, ಸಾಲುಗಳು ಬಂದರೆ ವಿಎಂ ಬದುಕಿದೆ.

ಪುಟ ತೆರೆದು ‘ನೋ ಬೂಟಬಲ್ ಡಿವೈಸ್’ ಅಂತ ಕಂಡರೆ ಇಮೇಜ್ ತಪ್ಪಾಗಿದೆ. ‘ಕ್ಯೂಇಎಂಯು ಇಮೇಜ್ ಇನ್ಫೋ’ ಕೊಟ್ಟು ಫೈಲ್‌ನ ನಿಜವಾದ ಬಗೆ ನೋಡಿ. ಕ್ಯೂಕೌ2 ಬಗೆಯ ಫೈಲನ್ನು ‘ರಾ’ ಬಗೆಯದು ಅಂತ ಹೇಳಿ ಗ್ಲಾನ್ಸ್‌ಗೆ ಏರಿಸಿದರೆ ಹೀಗಾಗುತ್ತದೆ. ಫೈಲ್ ಕೆಲವೇ ಕೆಬಿ ಇದ್ದರೆ ನೀವು ಇಮೇಜ್ ಅಲ್ಲ, ಡೌನ್‌ಲೋಡ್ ತಾಣದ ವೆಬ್ ಪುಟವನ್ನೇ ಉಳಿಸಿಕೊಂಡಿದ್ದೀರಿ. ನಗಬೇಡಿ, ತುಂಬಾ ಜನ ಮಾಡುತ್ತಾರೆ. ಫೈಲ್ ಸರಿ ಇದ್ದೂ ಬೂಟ್ ಆಗದಿದ್ದರೆ ಅದು ಹಳೆಯ ಬಯಾಸ್ ಬದಲು ಯುಇಎಫ್‌ಐ ಬೇಡುವ ಇಮೇಜ್ ಇರಬಹುದು. ಇಮೇಜ್‌ನ ಫರ್ಮ್‌ವೇರ್ ಗುಣವನ್ನು ಯುಇಎಫ್‌ಐ ಮಾಡಿ ಹೊಸ ವಿಎಂ ಎಬ್ಬಿಸಿ.

ಗ್ರಬ್‌ನ (ಲಿನಕ್ಸ್ ಎಬ್ಬಿಸುವ ಬೂಟ್ ಲೋಡರ್) ಹತ್ತಿರವೇ ನಿಂತುಬಿಟ್ಟರೆ ಪ್ರೊಸೆಸರ್ ಕಡೆ ನೋಡಬೇಕು. ನಿಮ್ಮ ಕಂಪ್ಯೂಟ್ ನೋಡೇ ಒಂದು ವಿಎಂ ಆಗಿದ್ದರೆ, ಅಂದರೆ ಲ್ಯಾಪ್‌ಟಾಪ್‌ನಲ್ಲಿ ಕಲಿಯಲು ಹಾಕಿಕೊಂಡ ಡೆವ್‌ಸ್ಟ್ಯಾಕ್‌ನಂಥದ್ದಾದರೆ, ವಿಎಂ ಒಳಗೆ ವಿಎಂ ಓಡಿಸಲು ಹೊರಗಿನ ಯಂತ್ರ ಅವಕಾಶ ಕೊಟ್ಟಿರಬೇಕು. ‘ಸಿಪಿಯು ಇನ್ಫೋ’ ಫೈಲ್‌ನಲ್ಲಿ ಇಂಟೆಲ್‌ಗೆ ವಿಎಂಎಕ್ಸ್, ಎಎಂಡಿಗೆ ಎಸ್‌ವಿಎಂ ಅನ್ನುವ ಗುರುತು ಇದೆಯಾ ನೋಡಿ. ಇಲ್ಲದಿದ್ದರೆ ನೋವಾದ ‘ವರ್ಟ್ ಟೈಪ್’ ಅನ್ನು ಕೆವಿಎಂನಿಂದ (ಪ್ರೊಸೆಸರ್‌ನ ನೆರವು ಪಡೆಯುವುದು) ಕ್ಯೂಇಎಂಯುಗೆ (ಎಲ್ಲ ಸಾಫ್ಟ್‌ವೇರ್‌ನಲ್ಲೇ ಮಾಡುವುದು) ಬದಲಿಸಿ. ಆಮೆ ವೇಗದಲ್ಲಿ ಏಳುತ್ತದೆ, ಆದರೆ ಏಳುತ್ತದೆ.

ನಿಜವಾದ ಸರ್ವರ್‌ನಲ್ಲಿ ಈ ಗುರುತು ಇಲ್ಲದಿದ್ದರೆ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಸರ್ವರ್ ರೀಬೂಟ್ ಮಾಡುವ ಮುಂಚೆ ಅದರ ಮೇಲಿನ ವಿಎಂಗಳನ್ನು ಬೇರೆಡೆ ಕಳಿಸಿ. ಮುಚ್ಚಳ ತೆಗೆಯುವ ಪ್ರಸಂಗ ಬಂದರೆ ಎರಡೂ ಪವರ್ ಕೇಬಲ್ ಕಿತ್ತಿಡಿ. ಒಂದನ್ನೇ ತೆಗೆದರೆ ಇನ್ನೊಂದರಿಂದ ಕರೆಂಟ್ ಬರುತ್ತಲೇ ಇರುತ್ತದೆ.

## ಎದ್ದಿದೆ, ಆದರೆ ಒಳಗೆ ಐಪಿ ಬಂದಿಲ್ಲ

ಕನ್ಸೋಲ್ ಲಾಗ್‌ನಲ್ಲಿ ‘ಸೆಂಡಿಂಗ್ ಡಿಸ್ಕವರ್’ ಅಂತ ಮೇಲಿಂದ ಮೇಲೆ ಕಂಡರೆ ವಿಎಂ ಡಿಎಚ್‌ಸಿಪಿ (ಐಪಿ ಹಂಚುವ ವ್ಯವಸ್ಥೆ) ಕೇಳುತ್ತಿದೆ, ಉತ್ತರ ಬರುತ್ತಿಲ್ಲ. ಹೊರೈಜನ್ (ಓಪನ್‌ಸ್ಟ್ಯಾಕ್‌ನ ವೆಬ್ ಪುಟ) ಪರದೆಯಲ್ಲಿ ಐಪಿ ಕಾಣಿಸುತ್ತಿದೆಯಲ್ಲ ಅನ್ನಬೇಡಿ. ಅದು ನ್ಯೂಟ್ರಾನ್ ಈ ಪೋರ್ಟ್‌ಗೆ ಮೀಸಲಿಟ್ಟ ಐಪಿ. ವಿಎಂ ಅದನ್ನು ಪಡೆದಿದೆ ಅಂತ ಅರ್ಥವಲ್ಲ.

ಸಬ್‌ನೆಟ್‌ನಲ್ಲಿ ಡಿಎಚ್‌ಸಿಪಿ ಆನ್ ಇದೆಯಾ ನೋಡಿ. ಆಮೇಲೆ ‘ನೆಟ್‌ವರ್ಕ್ ಏಜೆಂಟ್ ಲಿಸ್ಟ್’ ನೋಡಿ. ಓವಿಎನ್ (ನ್ಯೂಟ್ರಾನ್ ಕೆಳಗೆ ನೆಟ್‌ವರ್ಕ್ ಕಟ್ಟುವ ಸಾಫ್ಟ್‌ವೇರ್) ಬಳಸುವ ಸೆಟಪ್‌ನಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಡಿಎಚ್‌ಸಿಪಿ ಏಜೆಂಟ್ ಇರುವುದಿಲ್ಲ, ಹಾಗಾಗಿ ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಆಮೇಲೆ ಒಂದು ಚುರುಕಾದ ಪರೀಕ್ಷೆ: ಎರಡು ಸಿರ್‌ಓಎಸ್ ಎಬ್ಬಿಸಿ, ಒಂದು ಈ ನೋಡ್‌ನಲ್ಲಿ, ಇನ್ನೊಂದು ಬೇರೆ ನೋಡ್‌ನಲ್ಲಿ. ಒಂದಕ್ಕೆ ಐಪಿ ಬಂದು ಇನ್ನೊಂದಕ್ಕೆ ಬರದಿದ್ದರೆ ನೋಡ್‌ಗಳ ನಡುವಿನ ಟನಲ್ (ವಿಎಂ ಪ್ಯಾಕೆಟ್ ಹೋಗುವ ದಾರಿ) ಕೆಟ್ಟಿರಬಹುದು. ಸ್ವಿಚ್, ವಿಲ್ಯಾನ್, ಫೈರ್‌ವಾಲ್ ಅಂತ ಹೋಗಬೇಕು. ಸ್ವಿಚ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ, ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕರೆಯಿರಿ.

ಐಪಿ ಬಂದಿದೆ, ಆದರೆ ಲಾಗ್‌ನಲ್ಲಿ 169.254.169.254ಕ್ಕೆ ‘ಫೇಲ್ಡ್ 1/20, 2/20’ ಅಂತ ಎಣಿಸುತ್ತಿದೆಯಾ? ಅದು ಮೆಟಾಡೇಟಾ ವಿಳಾಸ, ವಿಎಂ ತನ್ನ ವಿವರ ಕೇಳುವ ಜಾಗ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಕೀ ವಿಎಂ ಒಳಗೆ ಹೋಗುವುದು ಸಾಮಾನ್ಯವಾಗಿ ಈ ದಾರಿಯಿಂದ. ಇದು ಸೋತರೆ ಮುಂದೆ ಕೀ ಬಳಸಿ ಲಾಗಿನ್ ಸಾಮಾನ್ಯವಾಗಿ ಆಗುವುದಿಲ್ಲ. ನೋವಾ ಮತ್ತು ಮೆಟಾಡೇಟಾ ಏಜೆಂಟ್ ಎರಡರಲ್ಲೂ ಬರೆದಿರುವ ಗುಟ್ಟಿನ ಪದ ಒಂದೇ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ.

## ಪಿಂಗ್ ಆಗುತ್ತಿಲ್ಲ

ಹತ್ತರಲ್ಲಿ ಎಂಟು ಸಲ ಇದು ದೋಷವೇ ಅಲ್ಲ, ಬಾಗಿಲು ಹಾಕಿದೆ ಅಷ್ಟೇ. ‘ಡಿಫಾಲ್ಟ್’ ಸೆಕ್ಯುರಿಟಿ ಗ್ರೂಪ್ (ವಿಎಂನ ಫೈರ್‌ವಾಲ್ ನಿಯಮಗಳು) ಹೊರಗೆ ಹೋಗಲು ಬಿಡುತ್ತದೆ, ಒಳಗೆ ಬರಲು ತನ್ನ ಗುಂಪಿನವರಿಗೆ ಮಾತ್ರ ಬಿಡುತ್ತದೆ. ಪಿಂಗ್‌ಗೆ ಐಸಿಎಂಪಿ, ಎಸ್‌ಎಸ್‌ಎಚ್‌ಗೆ ಟಿಸಿಪಿ 22 ತೆರೆಯಿರಿ. ಪ್ರತಿ ಪ್ರಾಜೆಕ್ಟಿಗೂ ಅದರದ್ದೇ ಆದ ‘ಡಿಫಾಲ್ಟ್’ ಇರುತ್ತದೆ, ಬೇರೆಯವರದ್ದನ್ನು ತಿದ್ದಿ ಆಗಲಿಲ್ಲ ಅಂತ ಕೂರಬೇಡಿ. ತೆರೆಯುವಾಗ ನಿಮ್ಮ ಕಚೇರಿಯ ಐಪಿ ವ್ಯಾಪ್ತಿಗೆ ಮಾತ್ರ ತೆರೆಯಿರಿ, ಇಡೀ ಜಗತ್ತಿಗೆ ಬೇಡ.

ಫ್ಲೋಟಿಂಗ್ ಐಪಿ (ಹೊರಗಿನಿಂದ ವಿಎಂ ತಲುಪುವ ವಿಳಾಸ) ಕೊಟ್ಟು, ವಿಎಂ ಒಳಗೆ ಹೋಗಿ ‘ಐಪಿ ಎ’ ನೋಡಿ, ‘ಬಂದೇ ಇಲ್ಲ’ ಅನ್ನುವವರಿದ್ದಾರೆ. ಅದು ವಿಎಂ ಒಳಗೆ ಕಾಣುವುದೇ ಇಲ್ಲ. ವಿಳಾಸ ಬದಲಿಸುವ ಕೆಲಸ ರೂಟರ್ ಹತ್ತಿರ ಆಗುತ್ತದೆ. ರೂಟರ್‌ಗೆ ಹೊರಗಿನ ಗೇಟ್‌ವೇ ಇದೆಯಾ, ನಿಮ್ಮ ಸಬ್‌ನೆಟ್ ಅದಕ್ಕೆ ಸೇರಿದೆಯಾ ಅಂತ ನೋಡಿದರೆ ಸಾಕು.

## ಪಿಂಗ್ ಸರಿ, ಎಸ್‌ಎಸ್‌ಎಚ್ ಒಳಗೆ ಬಿಡುತ್ತಿಲ್ಲ

ಸಂದೇಶವನ್ನು ಸರಿಯಾಗಿ ಓದಿದರೆ ಅರ್ಧ ಕೆಲಸ ಆದ ಹಾಗೆ.

‘ಟೈಮ್ಡ್ ಔಟ್’ ಅಂದರೆ ಪ್ಯಾಕೆಟ್ ದಾರಿಯಲ್ಲೇ ಸತ್ತಿದೆ, ಮತ್ತೆ ಸೆಕ್ಯುರಿಟಿ ಗ್ರೂಪ್ ನೋಡಿ. ‘ರಿಫ್ಯೂಸ್ಡ್’ ಅಂದರೆ ವಿಎಂ ತನಕ ತಲುಪಿದೆ, ಅಲ್ಲಿ ಎಸ್‌ಎಸ್‌ಎಚ್ ಇನ್ನೂ ಎದ್ದಿಲ್ಲ. ಒಂದು ಚಹಾ ಕುಡಿದು ಬನ್ನಿ. ‘ಪರ್ಮಿಷನ್ ಡಿನೈಡ್’ ಅಂದರೆ ನೆಟ್‌ವರ್ಕ್ ಪೂರ್ತಿ ಸರಿ ಇದೆ, ಹೆಸರೋ ಕೀಯೋ ತಪ್ಪು. ಉಬುಂಟು ಇಮೇಜ್‌ಗೆ ‘ಉಬುಂಟು’, ಡೆಬಿಯನ್‌ಗೆ ‘ಡೆಬಿಯನ್’, ಫೆಡೋರಾಗೆ ‘ಫೆಡೋರಾ’ ಅಂತ ಬಳಕೆದಾರ ಹೆಸರು. ‘ರೂಟ್’ ಅಂತ ಹೊಡೆದು ಕಾಯಬೇಡಿ.

ವಿಎಂ ಎದ್ದ ಮೇಲೆ ಪ್ರಾಜೆಕ್ಟಿಗೆ ಕೀ ಸೇರಿಸಿದರೆ ಆ ವಿಎಂಗೆ ಅದು ಹೋಗುವುದಿಲ್ಲ. ಹುಟ್ಟುವಾಗ ಕೊಟ್ಟಿದ್ದೇ ಕೊನೆ. ಹೊಸ ವಿಎಂ ಎಬ್ಬಿಸುವುದು ಸುಲಭ. ‘ರೀಬಿಲ್ಡ್’ ಮಾಡಿದರಾಯಿತು ಅಂತ ಯಾರಾದರೂ ಹೇಳಿದರೆ ಒಂದು ನಿಮಿಷ ನಿಲ್ಲಿ. ರೀಬಿಲ್ಡ್ ರೂಟ್ ಡಿಸ್ಕನ್ನು ಒರೆಸಿ ಹೊಸ ಇಮೇಜ್ ಹಾಕುತ್ತದೆ, ಅದರಲ್ಲಿದ್ದ ಕೆಲಸ ಹೋಯಿತು ಅಂತಲೇ. ಖಾಸಗಿ ಕೀಯನ್ನು ವಾಟ್ಸಾಪ್‌ನಲ್ಲಿ ಸ್ನೇಹಿತರಿಗೆ ಕಳಿಸಿ ‘ನಿನಗೆ ಆಗುತ್ತಾ ನೋಡು’ ಅನ್ನುವುದೂ ಬೇಡ.

‘ಹೋಸ್ಟ್ ಗುರುತು ಬದಲಾಗಿದೆ’ ಅಂತ ದೊಡ್ಡ ಅಕ್ಷರದಲ್ಲಿ ಬೆದರಿಸಿದರೆ, ಹಳೆಯ ವಿಎಂನ ಫ್ಲೋಟಿಂಗ್ ಐಪಿ ಹೊಸದಕ್ಕೆ ಬಂದಿರಬೇಕು. ಹೌದಾ ಅಂತ ಖಾತ್ರಿ ಮಾಡಿಕೊಂಡು ಆ ಒಂದು ಗುರುತನ್ನು ಮಾತ್ರ ತೆಗೆಯಿರಿ.

## ಲಾಗಿನ್ ಆಗುತ್ತೆ, ಆದರೆ ದೊಡ್ಡದೇನೂ ಬರಲ್ಲ

ಇದು ಎಲ್ಲಕ್ಕಿಂತ ಕಾಡುವ ದೋಷ. ಪಿಂಗ್ ಹೋಗುತ್ತದೆ. ಹೆಸರು ಹುಡುಕಾಟ ಸರಿ. ‘ಆಪ್ಟ್ ಅಪ್‌ಡೇಟ್’ ಕೊಟ್ಟರೆ ಶೇಕಡ 0ರಲ್ಲಿ ನಿಂತುಬಿಡುತ್ತದೆ. ಗಿಟ್ ಕ್ಲೋನ್ ಮುಂದೆ ಹೋಗುವುದಿಲ್ಲ. ಕೆಲವು ಸಲ ಎಸ್‌ಎಸ್‌ಎಚ್ ಕೂಡ ನಡುವೆ ಸಿಕ್ಕಿಕೊಳ್ಳುತ್ತದೆ. ವಿವರ ತೋರಿಸು ಅಂತ ಹೇಳಿ ಓಡಿಸಿದರೆ ಕೀ ವಿನಿಮಯದ ಉತ್ತರಕ್ಕೆ ಕಾಯುತ್ತಾ ಕೂತಿರುವುದು ಕಾಣುತ್ತದೆ. ಚಿಕ್ಕ ಪ್ಯಾಕೆಟ್ ಹೋಗುತ್ತವೆ, ದೊಡ್ಡವು ಹೋಗುವುದಿಲ್ಲ. ಇದರ ಹಿಂದಿರುವುದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ.

ಲೆಕ್ಕ ಹೀಗೆ. ಸಾಮಾನ್ಯ ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ತನಕ ಇರಬಹುದು. ಓಪನ್‌ಸ್ಟ್ಯಾಕ್‌ನಲ್ಲಿ ವಿಎಂನ ಪ್ಯಾಕೆಟ್ ಇನ್ನೊಂದು ಲಕೋಟೆಯ ಒಳಗೆ ಕೂತು ನೋಡ್‌ನಿಂದ ನೋಡ್‌ಗೆ ಹೋಗುತ್ತದೆ. ವಿಎಕ್ಸ್‌ಲ್ಯಾನ್ ಲಕೋಟೆಗೆ 50 ಬೈಟ್ ಬೇಕು, ಹಾಗಾಗಿ ವಿಎಂಗೆ ಉಳಿಯುವುದು 1450. ಓವಿಎನ್ ಬಳಸುವ ಜಿನೀವ್‌ಗೆ 58, ಉಳಿಯುವುದು 1442. ನ್ಯೂಟ್ರಾನ್ ಈ ಲೆಕ್ಕ ಮಾಡಿ ಡಿಎಚ್‌ಸಿಪಿ ಮೂಲಕ ವಿಎಂಗೆ ಹೇಳುತ್ತದೆ. ವಿಎಂ ಕೇಳಿಸಿಕೊಳ್ಳದಿದ್ದರೆ 1500ರ ಪ್ಯಾಕೆಟ್ ತಯಾರಿಸುತ್ತದೆ. ಅದು ಲಕೋಟೆಗೆ ಹಿಡಿಯುವುದಿಲ್ಲ, ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಪರೀಕ್ಷೆಗೆ ದುಡ್ಡಿಲ್ಲ, ಅಪಾಯವಿಲ್ಲ. ಇನ್ನೊಂದು ನೋಡ್‌ನಲ್ಲಿರುವ ವಿಎಂಗೆ ತುಂಡು ಮಾಡಬೇಡ ಅನ್ನುವ ಆಯ್ಕೆಯೊಂದಿಗೆ, ಅಳತೆ ಕೊಟ್ಟು ಪಿಂಗ್ ಮಾಡಿ. ಹೆಡರ್‌ಗಳಿಗೆ 28 ಬೈಟ್ ಕಳೆಯಬೇಕು. 1450ಕ್ಕೆ 1422 ಕೊಡಿ, 1442ಕ್ಕೆ 1414. ಅದು ಹೋಗಬೇಕು. ಹೋಗದಿದ್ದರೆ ಕೆಳಗಿನ ಸ್ವಿಚ್ ಅಥವಾ ನೋಡ್‌ಗಳ ನಡುವಿನ ದಾರಿ ನ್ಯೂಟ್ರಾನ್ ಅಂದುಕೊಂಡಿದ್ದಕ್ಕಿಂತ ಕಿರಿದಾಗಿದೆ. ಪಿಂಗ್ ಹೋಗಿ ಡೌನ್‌ಲೋಡ್ ಮಾತ್ರ ನಿಂತರೆ ವಿಎಂನ ಇಂಟರ್‌ಫೇಸ್‌ನಲ್ಲಿ ಎಂಟಿಯು ಎಷ್ಟಿದೆ ನೋಡಿ. ಯಾರೋ ಕೈಯಾರೆ 1500 ಬರೆದಿರಬಹುದು.

ವಿಎಂನಲ್ಲಿ ಸರಿ ಇದೆ, ಅದರೊಳಗಿನ ಡಾಕರ್ ಕಂಟೇನರ್‌ನಲ್ಲಿ ಮಾತ್ರ ನಿಲ್ಲುತ್ತಿದೆಯಾ? ಡಾಕರ್ ತನ್ನ ಬ್ರಿಡ್ಜ್‌ಗೆ ತಾನಾಗಿಯೇ 1500 ಇಟ್ಟುಕೊಳ್ಳುತ್ತದೆ, ವಿಎಂನ 1442 ಅದರ ಗಮನಕ್ಕೆ ಬರುವುದಿಲ್ಲ. ಡಾಕರ್‌ನ ಕಾನ್ಫಿಗ್‌ನಲ್ಲಿ ಎಂಟಿಯು ಬರೆಯಿರಿ. ನಮ್ಮ ಡೆವಲಪರ್ ಒಬ್ಬರು ಇದಕ್ಕಾಗಿ ಎರಡು ದಿನ ಇಂಟರ್ನೆಟ್ ಕಂಪನಿಯನ್ನು ಬೈದಿದ್ದರು.

ನ್ಯೂಟ್ರಾನ್ ಕಾನ್ಫಿಗ್‌ನಲ್ಲಿ ಎಂಟಿಯು ಬದಲಿಸುವುದು ಕೊನೆಯ ದಾರಿ. ಓಡುತ್ತಿರುವ ಎಲ್ಲ ವಿಎಂಗಳಿಗೂ ತಟ್ಟುವ ಕೆಲಸ ಅದು, ಹಗಲು ಹೊತ್ತು ಬೇಡ.

## ಓಡುತ್ತಿದೆ, ಆದರೆ ಎಳೆಯುತ್ತಿದೆ

ವಿಎಂ ಒಳಗೆ ‘ಟಾಪ್’ ಕೊಟ್ಟು ‘ಎಸ್‌ಟಿ’ ಅಂಕಣ ನೋಡಿ. ಸ್ಟೀಲ್ ಅಂತ. ನಿಮ್ಮ ವಿಎಂ ಕೆಲಸ ಮಾಡಲು ತಯಾರಿದ್ದರೂ ಪ್ರೊಸೆಸರ್ ಬೇರೆಯವರ ಹತ್ತಿರ ಇದ್ದ ಸಮಯ ಅದು. ಸೊನ್ನೆಯ ಹತ್ತಿರ ಇರಬೇಕು, ಸದಾ ಎರಡಂಕಿ ಇದ್ದರೆ ನೋಡ್ ಕಿಕ್ಕಿರಿದಿದೆ. ನೋವಾ ಒಂದು ಕೋರ್ ಅನ್ನು ಹಲವರಿಗೆ ಹಂಚುತ್ತದೆ. ಹಳೆಯ ಆವೃತ್ತಿಗಳಲ್ಲಿ ಒಂದಕ್ಕೆ 16, ಈಚಿನವುಗಳಲ್ಲಿ 4. ವೆಬ್ ಸರ್ವರ್‌ಗೆ ನಡೆಯುತ್ತದೆ, ಡೇಟಾಬೇಸ್‌ಗೆ ನಡೆಯುವುದಿಲ್ಲ. ‘ಡಬ್ಲ್ಯುಎ’ (ಡಿಸ್ಕಿಗೆ ಕಾದ ಸಮಯ) ಜಾಸ್ತಿ ಇದ್ದರೆ ಡಿಸ್ಕ್ ಕಡೆ ನೋಡಿ. ಎರಡೂ ಇಲ್ಲದೆ ಎಲ್ಲವೂ ಸಮನಾಗಿ ನಿಧಾನವಿದ್ದರೆ ಕೆವಿಎಂ ಬದಲು ಕ್ಯೂಇಎಂಯುನಲ್ಲೇ ಓಡುತ್ತಿದೆಯಾ ಅಂತ ನೋಡಿ. ಪರೀಕ್ಷೆಗೆಂದು ಬದಲಿಸಿ ವಾಪಸ್ ಹಾಕಲು ಮರೆತಿರುತ್ತೇವೆ.

## ಅಳಿಸಿದರೂ ಹೋಗುತ್ತಿಲ್ಲ

‘ಡಿಲೀಟಿಂಗ್’ ಅಂತಲೇ ನಿಂತಿದ್ದರೆ ಆ ನೋಡ್ ಅಪ್ ಇದೆಯಾ ನೋಡಿ, ಅದು ಬಂದ ಮೇಲೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಇಲ್ಲದಿದ್ದರೆ ಅಡ್ಮಿನ್ ಆಗಿ ಸ್ಥಿತಿಯನ್ನು ರೀಸೆಟ್ ಮಾಡಿ ಮತ್ತೊಮ್ಮೆ ಅಳಿಸಬಹುದು. ರೀಸೆಟ್ ಬದಲಿಸುವುದು ಹೆಸರಿನ ಚೀಟಿಯನ್ನು ಮಾತ್ರ, ಒಳಗಿನ ರೋಗವನ್ನಲ್ಲ. ವಾಲ್ಯೂಮ್ ಇನ್ನೂ ಅಂಟಿಕೊಂಡಿರುವಾಗ ಅದರ ಸ್ಥಿತಿ ರೀಸೆಟ್ ಮಾಡಿ ಬೇರೆ ವಿಎಂಗೆ ಹಚ್ಚಿದರೆ ಎರಡು ಕಡೆಯಿಂದ ಬರಹವಾಗಿ ಫೈಲ್ ಸಿಸ್ಟಮ್ ಹಾಳಾಗುತ್ತದೆ.

ಡೇಟಾಬೇಸ್‌ಗೆ ನೇರವಾಗಿ ಹೋಗಿ ಸಾಲು ಅಳಿಸುವ ಸಲಹೆ ಕೆಲವು ಕಡೆ ಸಿಗುತ್ತದೆ. ಮಾಡಬೇಡಿ. ನೋವಾದಲ್ಲಿ ಅಳಿಸಿದ್ದು ಪ್ಲೇಸ್‌ಮೆಂಟ್‌ನಲ್ಲಿ ಉಳಿದು, ಖಾಲಿ ನೋಡ್ ತುಂಬಿದೆ ಅಂತ ತೋರಿಸಿ, ನೀವು ಮತ್ತೆ ‘ಹೋಸ್ಟ್ ಸಿಗಲಿಲ್ಲ’ ಅನ್ನುವಲ್ಲಿಗೇ ಬರುತ್ತೀರಿ.

## ಯಾವಾಗ ಕೈ ತೆಗೆಯಬೇಕು

ಒಂದೇ ವಿಎಂ ಕೆಟ್ಟಿದ್ದರೆ ನಿಧಾನಕ್ಕೆ ಹುಡುಕಿ. ಒಂದಕ್ಕಿಂತ ಹೆಚ್ಚು ನೋಡ್ ಒಟ್ಟಿಗೆ ಡೌನ್ ಆದರೆ, ಸ್ಟೋರೇಜ್ ಓದುವ ಎರರ್ ತೋರಿಸಿದರೆ, ಡೇಟಾಬೇಸ್ ಏಳದಿದ್ದರೆ, ಪ್ರಯೋಗ ನಿಲ್ಲಿಸಿ. ರೀಸ್ಟಾರ್ಟ್ ಕೂಡ ಮಾಡಬೇಡಿ, ಲಾಗ್‌ಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ.

ಸಹಾಯ ಕೇಳುವಾಗ ‘ವಿಎಂ ಬರ್ತಿಲ್ಲ’ ಅಂತ ಮೊಬೈಲ್‌ನಲ್ಲಿ ತೆಗೆದ ಪರದೆಯ ಫೋಟೋ ಕಳಿಸಿದರೆ ಯಾರೂ ಏನೂ ಹೇಳಲಾರರು. ಓಪನ್‌ಸ್ಟ್ಯಾಕ್‌ನ ಆವೃತ್ತಿ, ಫಾಲ್ಟ್ ಸಾಲು, ‘ರೆಕ್’ ಗುರುತು, ಕನ್ಸೋಲ್ ಲಾಗ್‌ನ ಕೊನೆಯ ಐವತ್ತು ಸಾಲು, ಎಷ್ಟು ಹೊತ್ತಿಗೆ ಸೋತಿತು, ಸಿರ್‌ಓಎಸ್ ಎದ್ದಿತಾ ಇಲ್ಲವಾ, ಇದಕ್ಕೂ ಮುಂಚೆ ಕೊನೆಯದಾಗಿ ಏನು ಬದಲಿಸಿದಿರಿ, ಇಷ್ಟನ್ನು ಪಠ್ಯವಾಗಿ ಕೊಡಿ. ಕಳಿಸುವ ಮುಂಚೆ ಲಾಗ್‌ನಲ್ಲಿ ಪಾಸ್‌ವರ್ಡ್, ಟೋಕನ್ ಇದ್ದರೆ ಅಳಿಸಿ. ‘ಏನೂ ಬದಲಿಸಿಲ್ಲ’ ಅಂತ ಬರೆಯುವ ಮುನ್ನ ಶುಕ್ರವಾರ ಸಂಜೆ ಏನು ಮಾಡಿದಿರಿ ಅಂತ ಒಮ್ಮೆ ಕಮಾಂಡ್ ಹಿಸ್ಟರಿ ನೋಡಿಕೊಳ್ಳಿ.